ಬ್ಯಾನರಿನಲ್ಲಿ ನಮ್ಮ ಹೆಸರು ಚಿಕ್ಕದಿರಲಿ

ನೋಡಮ್ಮಾ, ಈ ವರ್ಷ ನಮ್ಮ ರೋಟರಿ ಕ್ಲಬ್ಬಿನ ಪೋಲಿಯೊ ಸಮಿತಿ ನಿನ್ನ ಹೆಗಲಿಗೆ ಬಿತ್ತೆಂದು ಕೇಳಿ ಸಂತೋಷವಾಯಿತು. ಸಭೆಯಲ್ಲಿ ಎದ್ದು ನಿಂತು ನೀನು ಕೇಳಿದ ಪ್ರಶ್ನೆ ಅದಕ್ಕಿಂತ ಸಂತೋಷ ಕೊಟ್ಟಿತು. “ದೇಶದಲ್ಲಿ ಪೋಲಿಯೊ ಇಲ್ಲ ಅಂತ ಸರ್ಟಿಫಿಕೇಟ್ ಬಂದು ಹತ್ತು ವರ್ಷ ದಾಟಿತು. ಇನ್ನೂ ಇದಕ್ಕೊಂದು ಸಮಿತಿ, ಇದಕ್ಕೊಂದು ಚಂದಾ ಯಾಕೆ ಸರ್?” ಅಂದೆ. ಮುಂದಿನ ಸಾಲಿನಲ್ಲಿದ್ದ ಒಂದಿಬ್ಬರು ಹಿರಿಯರು ಹುಬ್ಬು ಗಂಟಿಕ್ಕಿದರು. ಅಷ್ಟರಲ್ಲಿ ಊಟದ ಹೊತ್ತಾಯಿತು, ಅಧ್ಯಕ್ಷರು ಗಂಟೆ ಬಾರಿಸಿದರು, ನಿನ್ನ ಪ್ರಶ್ನೆ ಹಾಗೇ ಉಳಿಯಿತು. ಉತ್ತರ ಗೊತ್ತಿಲ್ಲದೆ ಆ ಸಮಿತಿಯಲ್ಲಿ ಕೂತವರು ಫೋಟೊ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ, ಅಷ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

2009ರಲ್ಲಿ ಭಾರತದಲ್ಲಿ 741 ಮಕ್ಕಳಿಗೆ ಪೋಲಿಯೊ ಬಡಿಯಿತು. ಆ ವರ್ಷ ಇಡೀ ಪ್ರಪಂಚದಲ್ಲಿ ಕಂಡ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಅರ್ಧ ನಮ್ಮವೇ. ಮರುವರ್ಷ ಅದು 42ಕ್ಕೆ ಇಳಿಯಿತು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣುಮಗುವಿನಲ್ಲಿ ಕಂಡದ್ದೇ ಕೊನೆ. 2012ರ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪೋಲಿಯೊ ಬೇರೂರಿದ ದೇಶಗಳ ಪಟ್ಟಿಯಿಂದ ನಮ್ಮ ಹೆಸರು ತೆಗೆಯಿತು. 2014ರ ಮಾರ್ಚ್ 27ರಂದು ಆಗ್ನೇಯ ಏಷ್ಯಾ ವಲಯಕ್ಕೆಲ್ಲ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಎರಡೇ ವರ್ಷದಲ್ಲಿ 741ರಿಂದ ಒಂದಕ್ಕೆ ಇಳಿಸಿದ್ದನ್ನು ನೋಡಿ ಆಗದು ಎಂದಿದ್ದ ತಜ್ಞರೂ ತಲೆದೂಗಿದರು. ಇಲ್ಲಿಯವರೆಗೆ ನಿನ್ನ ಮಾತು ಸರಿ.

ಆದರೆ ಈ ವೈರಸ್ಸಿನ ಗುಣ ಬೇರೆ. ಇನ್ನೂರು ಮಕ್ಕಳಿಗೆ ಸೋಂಕು ತಗುಲಿದರೆ ಸುಮಾರು ಒಂದು ಮಗುವಿನ ಕಾಲು ಮಾತ್ರ ಸ್ವಾಧೀನ ತಪ್ಪುತ್ತದೆ. ಉಳಿದ ಹೆಚ್ಚಿನ ಮಕ್ಕಳಿಗೆ ಸಣ್ಣ ಜ್ವರ, ಇಲ್ಲವೇ ಅದೂ ಇಲ್ಲ. ಆಡಿಕೊಂಡೇ ಇರುತ್ತವೆ, ಮಲದ ಮೂಲಕ ವೈರಸ್ ಚರಂಡಿ ಸೇರುತ್ತಲೇ ಇರುತ್ತದೆ. ಒಂದು ಮಗು ಕುಂಟುವುದು ಕಣ್ಣಿಗೆ ಬೀಳುವಷ್ಟರಲ್ಲಿ ಸೋಂಕು ನಾಲ್ಕು ಊರು ಸುತ್ತಿರುತ್ತದೆ. ಅದಕ್ಕೇ ಈಗ ಹುಡುಕುವವರು ಆಸ್ಪತ್ರೆಯಲ್ಲಷ್ಟೇ ಹುಡುಕುವುದಿಲ್ಲ, ಚರಂಡಿಯ ನೀರನ್ನೂ ಬಾಟಲಿಗೆ ತುಂಬಿ ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. 2022ರಲ್ಲಿ ಲಂಡನ್ನಿನ ಚರಂಡಿ ನೀರಿನಲ್ಲಿ ಪೋಲಿಯೊ ವೈರಸ್ ಸಿಕ್ಕಿತು. ಅದೇ ವರ್ಷ ನ್ಯೂಯಾರ್ಕ್ ರಾಜ್ಯದಲ್ಲಿ ಲಸಿಕೆ ಹಾಕಿಸಿಕೊಳ್ಳದ ಒಬ್ಬ ಯುವಕನ ಕಾಲು ಹೋಯಿತು. 2024ರಲ್ಲಿ ಯುದ್ಧದ ನಡುವೆ ಗಾಜಾದಲ್ಲಿ ಹತ್ತು ತಿಂಗಳ ಕೂಸಿಗೆ ಪಾರ್ಶ್ವವಾಯು ಬಡಿಯಿತು. ಅಲ್ಲಿ ಇಪ್ಪತ್ತೈದು ವರ್ಷದಿಂದ ಪೋಲಿಯೊ ಕಂಡಿರಲಿಲ್ಲ.

ರೋಗದ ಮೂಲ ವೈರಸ್, ಅಂದರೆ ಕಾಡು ವೈರಸ್, ಇನ್ನೂ ಬೇರೂರಿರುವುದು ಪಾಕಿಸ್ತಾನ, ಆಫ್ಘಾನಿಸ್ತಾನಗಳಲ್ಲಿ. 2023ರಲ್ಲಿ ಎರಡೂ ದೇಶ ಸೇರಿ 12 ಪ್ರಕರಣ. ಇನ್ನೇನು ಮುಗಿಯಿತು ಎಂದುಕೊಂಡೆವು. 2024ರಲ್ಲಿ 99 ಆಯಿತು. ನಮ್ಮ ಕ್ಲಬ್ಬಿನಲ್ಲೇ ಒಬ್ಬರು ಕೇಳುತ್ತಾರೆ, ನೀನೂ ಕೇಳಿಸಿಕೊಳ್ಳುತ್ತೀ: “ನಮ್ಮ ದುಡ್ಡು ಪಾಕಿಸ್ತಾನಕ್ಕೆ ಯಾಕೆ ಹೋಗಬೇಕು?” ಅವರ ಜೊತೆ ದೇಶಭಕ್ತಿಯ ಚರ್ಚೆಗೆ ಇಳಿಯಬೇಡ. ಅವರು ಜಮೀನುದಾರರು, ಪಕ್ಕದ ಹೊಲದ ಬದುವಿನಲ್ಲಿ ಕಾಂಗ್ರೆಸ್ ಗಿಡ ಹೂಬಿಟ್ಟಿರುವಾಗ ನಮ್ಮ ಹೊಲವನ್ನು ಎಷ್ಟು ಹಸನು ಮಾಡಿದರೇನು ಎಂದು ಕೇಳು, ಸಾಕು. ಆಮೇಲೆ ಚೀನಾದ ಕತೆ ಹೇಳು. 2000ದಲ್ಲೇ ಪೋಲಿಯೊಮುಕ್ತ ಎನಿಸಿಕೊಂಡಿದ್ದ ದೇಶ ಅದು. 2011ರಲ್ಲಿ ಪಾಕಿಸ್ತಾನದ ವೈರಸ್ ಗಡಿ ದಾಟಿ ಷಿನ್‌ಜಿಯಾಂಗ್ ಪ್ರಾಂತ್ಯಕ್ಕೆ ಬಂದು 21 ಜನರನ್ನು ಹಿಡಿಯಿತು. ಇನ್ನೊಂದು ಮಾತೂ ಹೇಳು: ಪಾಕಿಸ್ತಾನದಲ್ಲಿ ಹನಿ ಹಾಕಲು ಹೋದ ಹೆಣ್ಣುಮಕ್ಕಳೂ ಅವರ ಕಾವಲಿಗಿದ್ದ ಪೊಲೀಸರೂ ಗುಂಡಿಗೆ ಬಲಿಯಾಗಿದ್ದಾರೆ. ಹಾಗಿದ್ದೂ ಮರುದಿನ ಇನ್ನೊಬ್ಬಾಕೆ ಡಬ್ಬಿ ಹೆಗಲಿಗೇರಿಸಿಕೊಂಡು ಹೊರಡುತ್ತಾಳಲ್ಲ, ನಮ್ಮ ದುಡ್ಡಿನ ಒಂದಂಶ ಅವಳಿಗೆ ಸಲ್ಲುತ್ತದೆ ಎಂದರೆ ನನಗಂತೂ ಹೆಮ್ಮೆಯೇ.

ದುಡ್ಡಿನ ಮಾತು ಬಂತು, ಇದು ಶುರುವಾದ ಬಗೆಯೂ ನಿನಗೆ ಗೊತ್ತಿರಲಿ. ಕ್ಲೆಮ್ ರೆನೂಫ್ ಎಂಬ ಆಸ್ಟ್ರೇಲಿಯಾದ ಲೆಕ್ಕಪತ್ರದವರು 1978–79ರಲ್ಲಿ ರೋಟರಿಯ ಅಂತರರಾಷ್ಟ್ರೀಯ ಅಧ್ಯಕ್ಷರಾಗಿದ್ದರು. ಸಿಡುಬನ್ನು ಭೂಮಿಯಿಂದಲೇ ಓಡಿಸಿದ ಸುದ್ದಿ ಓದಿ, ಇಂಥದ್ದೇ ಇನ್ನೊಂದು ಕೆಲಸಕ್ಕೆ ನಾವು ಕೈಹಾಕಬಹುದೇ ಎಂದು ಡಾಕ್ಟರ್ ಜಾನ್ ಸೀವರ್ ಅವರನ್ನು ಕೇಳಿದರು. ಪೋಲಿಯೊ ಎಂಬ ಉತ್ತರ ಬಂತು. ಆ ಆಯ್ಕೆಯಲ್ಲಿ ಬುದ್ಧಿವಂತಿಕೆ ಇತ್ತು. ಆಲ್ಬರ್ಟ್ ಸೇಬಿನ್ ಕಂಡುಹಿಡಿದ ಲಸಿಕೆಗೆ ಸೂಜಿ ಬೇಡ, ಡಾಕ್ಟರೇ ಬೇಕೆಂದಿಲ್ಲ, ಎರಡು ಹನಿ ಬಾಯಿಗೆ ಬಿದ್ದರಾಯಿತು. ತರಬೇತಿ ಪಡೆದ ಯಾರೂ ಹಾಕಬಹುದು. ಜೊತೆಗೆ ಈ ವೈರಸ್ಸಿಗೆ ಮನುಷ್ಯನ ಹೊರತು ಬೇರೆ ಆಸರೆ ಇಲ್ಲ. ಮನುಷ್ಯರಲ್ಲಿ ಜಾಗ ಸಿಗದ ಹಾಗೆ ಮಾಡಿದರೆ ಅದು ಬದುಕಲಾರದು. 1979ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ 60 ಲಕ್ಷ ಮಕ್ಕಳಿಗೆ ಹನಿ ಹಾಕುವ ಯೋಜನೆ ಆರಂಭವಾಯಿತು. 1985ರಲ್ಲಿ ‘ಪೋಲಿಯೊ ಪ್ಲಸ್’ ಹುಟ್ಟಿತು. 12 ಕೋಟಿ ಡಾಲರ್ ಕೂಡಿಸೋಣ ಎಂದು ಹೊರಟವರಿಗೆ 1988ರ ಫಿಲಡೆಲ್ಫಿಯಾ ಅಧಿವೇಶನದ ಹೊತ್ತಿಗೆ 24.7 ಕೋಟಿ ಬಂದಿತ್ತು. ಅದೇ ವರ್ಷ ವಿಶ್ವ ಆರೋಗ್ಯ ಸಭೆ ಪೋಲಿಯೊ ನಿರ್ಮೂಲನೆಯ ನಿರ್ಣಯ ಮಾಡಿತು. ಆಗ 125 ದೇಶಗಳಲ್ಲಿ ವರ್ಷಕ್ಕೆ ಮೂರೂವರೆ ಲಕ್ಷ ಮಕ್ಕಳು ಈ ರೋಗಕ್ಕೆ ತುತ್ತಾಗುತ್ತಿದ್ದರು.

ಇಷ್ಟು ತಿಳಿದ ಮೇಲೆ ನಮ್ಮವರಿಗೊಂದು ಚಾಳಿ ಬರುತ್ತದೆ. “ಪೋಲಿಯೊ ಓಡಿಸಿದ್ದು ನಾವೇ” ಎಂದು ವೇದಿಕೆ ಸಿಕ್ಕಲ್ಲೆಲ್ಲ ಹೇಳುತ್ತಾರೆ. ನೀನು ಹೇಳಬೇಡ. ಭಾರತದ ಕಾರ್ಯಕ್ರಮಕ್ಕೆ ಬಹುಪಾಲು ಹಣ ಹಾಕಿದ್ದು ನಮ್ಮ ಸರ್ಕಾರ. ಒಂದೊಂದು ರಾಷ್ಟ್ರೀಯ ಸುತ್ತಿನಲ್ಲಿ ಸುಮಾರು 17 ಕೋಟಿ ಮಕ್ಕಳಿಗೆ ಹನಿ ಹಾಕಿದ್ದು ಸುಮಾರು 23 ಲಕ್ಷ ಕಾರ್ಯಕರ್ತರು: ಆಶಾಗಳು, ಅಂಗನವಾಡಿಯವರು, ನರ್ಸಮ್ಮಂದಿರು, ಮೇಷ್ಟ್ರುಗಳು, ಕಾಲೇಜು ಹುಡುಗರು. ನಾವು ಎರಡನೇ ಸಾಲಿನವರು. ನನ್ನ ಕಿವಿಮಾತೆಲ್ಲ ಇಷ್ಟೇ ಅನ್ನು, ಎರಡನೇ ಸಾಲಿನಲ್ಲಿ ನೆಟ್ಟಗೆ ನಿಲ್ಲುವುದನ್ನು ಕಲಿ. ಅಲ್ಲಿ ನಿಂತು ಮಾಡುವ ಕೆಲಸವೇನು ಎನ್ನುತ್ತೀಯಾ? ಉತ್ತರ ಪ್ರದೇಶ ಅದಕ್ಕೆ ಒಳ್ಳೆಯ ಪಾಠ.

2002ರಲ್ಲಿ ದೇಶದಲ್ಲಿ 1600 ಪ್ರಕರಣಗಳಾದವು. 1242 ಆ ಒಂದೇ ರಾಜ್ಯದಲ್ಲಿ. ಮೊರಾದಾಬಾದಿನಂಥ ಪಶ್ಚಿಮ ಜಿಲ್ಲೆಗಳ ಓಣಿಗಳಲ್ಲಿ ಈ ಹನಿ ಹಾಕಿಸಿದರೆ ಮಕ್ಕಳಿಗೆ ಮುಂದೆ ಸಂತಾನವಾಗದು ಎಂಬ ಪುಕಾರು ಹಬ್ಬಿತ್ತು. ಅದಕ್ಕಿಂತ ಗಟ್ಟಿಯಾದ ಇನ್ನೊಂದು ಸಿಟ್ಟೂ ಇತ್ತು. ಚರಂಡಿ ಕೇಳಿದರೆ ಬರುವುದಿಲ್ಲ, ಡಾಕ್ಟರು ಬೇಕೆಂದರೆ ಬರುವುದಿಲ್ಲ, ಕೇಳದ ಹನಿಯನ್ನು ಮಾತ್ರ ಬಾಗಿಲಿಗೇ ತಂದು ಮತ್ತೆ ಮತ್ತೆ ಹಾಕುತ್ತಾರಲ್ಲ, ಇದರಲ್ಲೇನೋ ಇದೆ ಎಂಬ ಗುಮಾನಿ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರ ಮಾತು ಕೇಳಬೇಡ. ಆ ತಾಯಂದಿರ ಜಾಗದಲ್ಲಿ ನಾನಿದ್ದರೂ ಹಾಗೇ ಕೇಳುತ್ತಿದ್ದೆ. ಅಲ್ಲಿ ರೋಟರಿಯವರು ಮಾಡಿದ್ದು ಎರಡು ಕೆಲಸ. ಮೌಲ್ವಿಗಳನ್ನೇ ಸೇರಿಸಿ ಉಲೇಮಾ ಸಮಿತಿ ಕಟ್ಟಿದರು; ಮಸೀದಿಯಲ್ಲಿ ಅವರೇ ಹೇಳಿದ ಮೇಲೆ ಬಾಗಿಲುಗಳು ತೆರೆದವು. ಹನಿಯ ಜೊತೆಗೆ ಆರೋಗ್ಯ ಶಿಬಿರ ಮಾಡಿ ಜ್ವರ, ಕೆಮ್ಮು, ಕಜ್ಜಿಗೂ ಔಷಧಿ ಕೊಟ್ಟರು. ಸರ್ಕಾರಿ ನೌಕರನ ಮಾತು ನಾಟದ ಕಡೆ ಊರಿನ ಅಂಗಡಿಯವನ ಮಾತು ನಾಟುತ್ತದೆ. ನಮ್ಮ ಕ್ಲಬ್ಬಿನಲ್ಲಿ ಇರುವವರು ಯಾರು ಹೇಳು? ಔಷಧಿ ಅಂಗಡಿಯವರು, ವಕೀಲರು, ಜವಳಿ ವ್ಯಾಪಾರಿಗಳು, ಶಾಲೆ ನಡೆಸುವವರು. ಊರಿನಲ್ಲಿ ನಮಗಿರುವ ಈ ಪರಿಚಯ ಎಷ್ಟು ಡಾಲರು ಕೂಡಿಸಿದರೂ ಬರುವುದಿಲ್ಲ.

ಕರ್ನಾಟಕವೇನೂ ಇದರಿಂದ ಹೊರಗಿರಲಿಲ್ಲ. 2003ರಲ್ಲಿ ಇಲ್ಲೂ ಪೋಲಿಯೊ ಮತ್ತೆ ತಲೆಯೆತ್ತಿತ್ತು.

ಈಗ ಪೋಲಿಯೊ ಹನಿ ಹಾಕುವ ಭಾನುವಾರದ ಬೂತಿನ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಹಿಗ್ಗಿಸಿಯೇ ಹೇಳುತ್ತೇನೆ, ಬೇಸರಪಡಬೇಡ.

ಮೊದಲನೆಯದು ಉದ್ಘಾಟನೆ. ಗಣ್ಯರು ಬರುವವರೆಗೆ ಹನಿ ಹಾಕಬೇಡಿ ಎಂದು ಆಶಾ ಕಾರ್ಯಕರ್ತೆಯನ್ನು ತಡೆದು, ಬಿಸಿಲಿನಲ್ಲಿ ಹತ್ತಾರು ತಾಯಂದಿರನ್ನು ಒಂದು ತಾಸು ನಿಲ್ಲಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರಲ್ಲಿ ಕೆಲವರು ಕೂಲಿಗೆ ಹೊತ್ತಾಯಿತೆಂದು ಹೊರಟೇಹೋದರು. ಗಣ್ಯರಿಗೆ ಒಂದು ಮಗುವನ್ನು ಎತ್ತಿಕೊಡುವುದಕ್ಕೆ ಹೊತ್ತುಗೊತ್ತಿಲ್ಲ, ಹನ್ನೊಂದು ಗಂಟೆಗೆ ಬಂದರೂ ಒಂದು ಮಗು ಇದ್ದೇ ಇರುತ್ತದೆ. ಬೂತು ಹೇಳಿದ ಹೊತ್ತಿಗೆ ಶುರುವಾಗಲಿ. ಬ್ಯಾನರಿನಲ್ಲಿ ‘ಪೋಲಿಯೊ ಲಸಿಕಾ ಕೇಂದ್ರ’ ಎಂಬ ಅಕ್ಷರ ರಸ್ತೆಯ ಆಚೆಯಿಂದ ಕಾಣುವಷ್ಟು ದೊಡ್ಡದಿರಲಿ. ನಮ್ಮ ಚಕ್ರದ ಗುರುತು, ಪದಾಧಿಕಾರಿಗಳ ಹೆಸರು ಕೆಳಗೆ ಚಿಕ್ಕದಾಗಿರಲಿ. ಈ ಒಂದು ವಿಷಯಕ್ಕೆ ಕ್ಲಬ್ಬಿನಲ್ಲಿ ನಿನಗೆ ಜಗಳವಾಗಬಹುದು. ಆಗಲಿ.

ಲಸಿಕೆಯ ಡಬ್ಬಿಯನ್ನು ನಮ್ಮವರು ಮುಟ್ಟುವುದು ಬೇಡ. ನೋಡೋಣ ಎಂದು ನಾಲ್ಕು ಜನ ನಾಲ್ಕು ಸಲ ಮುಚ್ಚಳ ತೆಗೆದರೆ ಐಸ್ ಪ್ಯಾಕ್ ಮಧ್ಯಾಹ್ನಕ್ಕೇ ಕರಗುತ್ತದೆ. ಸೀಸೆಯ ಮೇಲೆ ಒಂದು ಬಣ್ಣದ ದುಂಡು, ಅದರೊಳಗೆ ತಿಳಿ ಬಣ್ಣದ ಚೌಕ ಇರುತ್ತದೆ, ನೋಡಿರುತ್ತೀ. ಶಾಖ ತಗುಲಿದಷ್ಟೂ ಚೌಕ ಕಪ್ಪಾಗುತ್ತಾ ಬರುತ್ತದೆ. ದುಂಡಿನ ಬಣ್ಣಕ್ಕೆ ಸಮವಾಯಿತೋ ಆ ಸೀಸೆ ಕೆಲಸಕ್ಕೆ ಬಾರದು. ಇಷ್ಟು ಸರಳ ಉಪಾಯ ಕಂಡುಹಿಡಿದವರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ನಮ್ಮ ಕೆಲಸ ಮಂಜುಗಡ್ಡೆ ಮುಗಿಯುವ ಮುಂಚೆ ಬದಲಿ ಐಸ್ ಪ್ಯಾಕ್ ತಂದುಕೊಡುವ ಒಂದು ಸ್ಕೂಟರ್ ಸಿದ್ಧವಿಡುವುದು. ಬೂತಿನ ಹೆಣ್ಣುಮಕ್ಕಳಿಗೆ ನೆರಳು, ಕುಡಿಯುವ ನೀರು, ಹೊತ್ತಿಗೆ ಸರಿಯಾಗಿ ಊಟ, ಹತ್ತಿರದಲ್ಲಿ ಬಳಸಬಹುದಾದ ಒಂದು ಶೌಚಾಲಯದ ಬೀಗದ ಕೈ. ಈ ಕೊನೆಯದನ್ನು ಗಂಡಸರ ಸಮಿತಿಗಳು ಯಾವತ್ತೂ ಯೋಚಿಸಲಿಲ್ಲ. ನೀನು ಯೋಚಿಸುತ್ತೀ ಎಂಬ ನಂಬಿಕೆ ನನಗಿದೆ.

“ಹೋದ ಸಲ ಹಾಕಿಸಿದ್ವಲ್ಲ, ಮತ್ತೆ ಯಾಕೆ?” ಎಂದು ಕೇಳುವ ತಾಯಿಗೆ ಉತ್ತರ ಕಲಿತಿರು. ನಮ್ಮ ಮಕ್ಕಳ ಹೊಟ್ಟೆಯಲ್ಲಿ ಬೇರೆ ಸೂಕ್ಷ್ಮಜೀವಿಗಳ ಕಾಟ ಹೆಚ್ಚು, ಭೇದಿ ಹೆಚ್ಚು. ಶ್ರೀಮಂತ ದೇಶಗಳ ಮಕ್ಕಳಲ್ಲಿ ಮೂರು ಸಲಕ್ಕೆ ನಾಟುವ ಲಸಿಕೆ ಇಲ್ಲಿ ನಾಟಲು ಹೆಚ್ಚು ಸಲ ಬೇಕು. ವೆಲ್ಲೂರಿನ ಡಾಕ್ಟರ್ ಟಿ. ಜೇಕಬ್ ಜಾನ್ ಬಹಳ ಹಿಂದೆಯೇ ಇದನ್ನು ತೋರಿಸಿಕೊಟ್ಟಿದ್ದರು. ಇನ್ನು ಮಗುವಿಗೆ ನೆಗಡಿ, ಮೈ ಬೆಚ್ಚಗಿದೆ ಎಂದರೆ ನೀನೇ ಡಾಕ್ಟರಾಗಬೇಡ, ನರ್ಸಮ್ಮನ ಕಡೆ ಕಳಿಸು. ಹಟ ಹಿಡಿದವರ ಜೊತೆ ವಾದಕ್ಕೆ ನಿಲ್ಲಬೇಡ. ಅದೇ ಬೀದಿಯಲ್ಲಿ ಮೊಮ್ಮಕ್ಕಳಿಗೆಲ್ಲ ಹನಿ ಹಾಕಿಸಿರುವ ಒಬ್ಬ ಅಜ್ಜಿ ಇದ್ದೇ ಇರುತ್ತಾರೆ. ಆ ಅಜ್ಜಿಯನ್ನು ಮುಂದೆ ಬಿಟ್ಟು ನೀನು ಹಿಂದೆ ನಿಲ್ಲು.

ಹನಿಯ ಬಗ್ಗೆ ಓದಿಕೊಂಡವರು ಇನ್ನೊಂದು ಪ್ರಶ್ನೆ ಎತ್ತುತ್ತಾರೆ, ಅದನ್ನು ಮುಚ್ಚಿಡಬೇಡ. ಬಾಯಿಗೆ ಹಾಕುವ ಲಸಿಕೆಯಲ್ಲಿ ಇರುವುದು ಶಕ್ತಿ ಕುಂದಿಸಿದ ಜೀವಂತ ವೈರಸ್. ಲಸಿಕೆ ಸರಿಯಾಗಿ ತಲುಪದ ಕಡೆ ಅದು ಮಗುವಿನಿಂದ ಮಗುವಿಗೆ ಬಹುಕಾಲ ಹರಡುತ್ತಾ ಹೋಗಿ, ಅಪರೂಪಕ್ಕೆ ಮತ್ತೆ ರೋಗ ತರುವ ರೂಪ ತಾಳಬಹುದು. ಮೇಲೆ ಹೇಳಿದ ನ್ಯೂಯಾರ್ಕ್, ಗಾಜಾ ಪ್ರಕರಣಗಳು ಇಂಥವೇ. ಹೌದು, ಇದೆ ಎಂದು ಒಪ್ಪಿಕೊಂಡೇ ಮಾತಾಡು. ಪೋಲಿಯೊ ವೈರಸ್ಸಿನ ಬಗೆಗಳಲ್ಲಿ ಎರಡನೆಯದರ ಕಾಡು ರೂಪ ಕೊನೆಯದಾಗಿ ಕಂಡದ್ದು 1999ರಲ್ಲಿ, ನಮ್ಮ ಅಲಿಗಢದಲ್ಲೇ. ಅದು ಅಳಿದ ಮೇಲೆ 2016ರ ಏಪ್ರಿಲ್‌ನಲ್ಲಿ ಆ ಬಗೆಯನ್ನು ಹನಿಯಿಂದಲೇ ತೆಗೆದುಹಾಕಿದರು. ಅದಕ್ಕೂ ಮೊದಲೇ, 2015ರ ಕೊನೆಯಿಂದ, ಸೂಜಿಯ ಮೂಲಕ ಕೊಡುವ ನಿರ್ಜೀವ ವೈರಸ್ಸಿನ ಲಸಿಕೆಯೂ ನಮ್ಮ ಸರ್ಕಾರಿ ಪಟ್ಟಿಗೆ ಸೇರಿತ್ತು. ಈ ತೊಡಕಿಗೆ ಸದ್ಯಕ್ಕೆ ಇರುವ ಮದ್ದು ಒಂದು ಮಗುವೂ ತಪ್ಪದ ಹಾಗೆ ಲಸಿಕೆ ಹಾಕುವುದೇ.

ಆದ್ದರಿಂದ ತಪ್ಪಿಸಿಕೊಂಡ ಮಕ್ಕಳು ಮುಖ್ಯ, ಬಂದ ಮಕ್ಕಳಲ್ಲ. ಭಾನುವಾರ ಸಂಜೆಗೆ ನಮ್ಮ ಕ್ಲಬ್ಬಿನವರು ಬಿಳಿ ಟೋಪಿ ಕಳಚಿಟ್ಟು ಮಾಯವಾಗುತ್ತಾರೆ. ಅಸಲು ಕೆಲಸ ಸೋಮವಾರ ಶುರುವಾಗುತ್ತದೆ. ಎಡಗೈ ಕಿರುಬೆರಳಿಗೆ ಶಾಯಿಯ ಗುರುತಿಲ್ಲದ ಮಕ್ಕಳನ್ನು ಹುಡುಕಿಕೊಂಡು ಆಶಾಗಳು ಮನೆ ಮನೆ ತಿರುಗುತ್ತಾರೆ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘ಪಿ’ ಅಥವಾ ‘ಎಕ್ಸ್’ ಬರೆಯುತ್ತಾರೆ. ಎಕ್ಸ್ ಬಿದ್ದ ಮನೆಗೆ ಮತ್ತೆ ಹೋಗಬೇಕು. ಇಟ್ಟಿಗೆ ಗೂಡು, ಕಬ್ಬು ಕಡಿಯುವವರ ಗುಡಿಸಲು, ಕಾಫಿ ತೋಟದ ಲೈನ್ ಮನೆ, ಕಟ್ಟಡ ಕೆಲಸದ ಶೆಡ್ಡು, ಇವೆಲ್ಲ ಊರಿನಿಂದ ದೂರ. ಬಿಹಾರ, ಒಡಿಶಾ, ಅಸ್ಸಾಮಿನಿಂದ ಬಂದ ಕುಟುಂಬಗಳು ಅಲ್ಲಿವೆ. ಆಶಾಗೆ ಹೋಗಲು ಬಸ್ಸಿಲ್ಲ, ಅವರ ಭಾಷೆ ಬರುವುದಿಲ್ಲ. ನಮ್ಮ ಕ್ಲಬ್ಬಿನಲ್ಲಿ ಕಾರಿಲ್ಲದವರು ಎಷ್ಟು ಜನ? ಹಿಂದಿ ಬಾರದವರು ಎಷ್ಟು ಜನ? ಆ ಇಟ್ಟಿಗೆ ಗೂಡಿನ, ಆ ಕಟ್ಟಡದ ಮಾಲೀಕರು ಎಷ್ಟೋ ಸಲ ನಮ್ಮ ಸದಸ್ಯರೇ ಆಗಿರುತ್ತಾರೆ! ಅವರು ಒಂದು ಫೋನ್ ಮಾಡಿ “ನಾಳೆ ಬೆಳಿಗ್ಗೆ ಹನಿ ಹಾಕಿಸುವವರೆಗೆ ಕೆಲಸ ಬೇಡ, ಕೂಲಿ ಕಡಿಯುವುದಿಲ್ಲ” ಎಂದರೆ ಅದು ಯಾವ ಭಾಷಣಕ್ಕೂ ಕಡಿಮೆಯಲ್ಲ.

ಚಂದಾ ಎತ್ತುವುದಕ್ಕೆ ಅಕ್ಟೋಬರ್ 24ರ ವಿಶ್ವ ಪೋಲಿಯೊ ದಿನ ಒಳ್ಳೆಯ ನೆಪ. ರೋಟರಿ ವರ್ಷಕ್ಕೆ 5 ಕೋಟಿ ಡಾಲರ್ ಕೂಡಿಸಿದರೆ ಗೇಟ್ಸ್ ಪ್ರತಿಷ್ಠಾನ ಅದಕ್ಕೆ ಇಮ್ಮಡಿ ಸೇರಿಸುತ್ತದೆ ಎಂಬ ಒಪ್ಪಂದವನ್ನು ಜನರಿಗೆ ಹೇಳು. ನಮ್ಮ ಒಂದು ರೂಪಾಯಿ ಮೂರಾಗುತ್ತದೆ ಎಂದರೆ ವ್ಯಾಪಾರಿಗಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಒತ್ತಾಯ ಬೇಡ, ರಸೀದಿ ತಪ್ಪಬಾರದು, ಕೊಟ್ಟವರ ಮೊತ್ತವನ್ನು ಮೈಕಿನಲ್ಲಿ ಕೂಗುವುದಂತೂ ಬೇಡವೇ ಬೇಡ.

ಇನ್ನೊಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತದೆ. ಗೆದ್ದೆವು ಗೆದ್ದೆವು ಎಂದು ಕೂಗುವ ಭರದಲ್ಲಿ, ಪೋಲಿಯೊ ಹಿಡಿದು ಬದುಕುಳಿದವರನ್ನು ನಾವು ಮರೆತೆವು. ನಲವತ್ತು, ಐವತ್ತು, ಅರವತ್ತು ದಾಟಿದವರು ನಮ್ಮ ತಾಲ್ಲೂಕಿನಲ್ಲೇ ಇದ್ದಾರೆ: ಕ್ಯಾಲಿಪರ್ ಹಾಕಿಕೊಂಡು ಬ್ಯಾಂಕಿಗೆ ಬರುವವರು, ಮೂರು ಚಕ್ರದ ಸ್ಕೂಟರಿನಲ್ಲಿ ಅಂಗಡಿ ನಡೆಸುವವರು. ಚಿಕ್ಕಂದಿನಲ್ಲೇ ಪೋಲಿಯೊ ತಗುಲಿದ ಬೆಂಗಳೂರಿನ ಮಾಲತಿ ಹೊಳ್ಳ ಗಾಲಿಕುರ್ಚಿಯಲ್ಲೇ ಕ್ರೀಡಾಂಗಣಕ್ಕಿಳಿದು ಅರ್ಜುನ ಪ್ರಶಸ್ತಿ, ಪದ್ಮಶ್ರೀ ಪಡೆದರು. ಅಂಗವಿಕಲ ಮಕ್ಕಳಿಗಾಗಿ ಮಾತೃ ಪ್ರತಿಷ್ಠಾನ ಕಟ್ಟಿದರು. ಎಲ್ಲರೂ ಅವರಂತಾಗಬೇಕಿಲ್ಲ, ಬ್ಯಾಂಕಿನ ಮೆಟ್ಟಿಲು ಹತ್ತುವಂತಾದರೆ ಸಾಕು. ವಯಸ್ಸಾದಂತೆ ಇವರಲ್ಲಿ ಹಲವರಿಗೆ ಸ್ನಾಯುಗಳು ಹೊಸದಾಗಿ ಸೋಲತೊಡಗುತ್ತವೆ, ಸುಸ್ತು, ನೋವು ಶುರುವಾಗುತ್ತದೆ. ಡಾಕ್ಟರುಗಳಲ್ಲೂ ಎಷ್ಟೋ ಜನ ಇದನ್ನು ಬರೀ ವಯಸ್ಸಿನ ದೋಷ ಎಂದುಬಿಡುತ್ತಾರೆ. ಅಕ್ಟೋಬರಿನ ಕಾರ್ಯಕ್ರಮಕ್ಕೆ ಅವರನ್ನು ಕರೆ, ಆದರೆ ಮುಂದಿನ ಸಾಲಿನಲ್ಲಿ ತೋರಿಕೆಗೆ ಕೂರಿಸಲು ಕರೆಯಬೇಡ. ಏನು ಬೇಕು ಎಂದು ಮೊದಲು ಮನೆಗೆ ಹೋಗಿ ಕೇಳು. ನಮ್ಮ ಸಭಾಭವನಕ್ಕೇ ಇಳಿಜಾರು ದಾರಿ ಇಲ್ಲ ಎಂಬುದು ಆಗ ಗೊತ್ತಾಗುತ್ತದೆ.

ಕ್ಲಬ್ಬಿನಲ್ಲಿರುವ ಡಾಕ್ಟರುಗಳಿಗೆ ಒಂದು ಮಾತು ನೆನಪಿಸು. ಹದಿನೈದು ವರ್ಷದೊಳಗಿನ ಯಾವ ಮಗುವಿನ ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಸೋತು ಜೋತುಬಿದ್ದರೂ, ಕಾರಣ ಏನೇ ಅನಿಸಲಿ, ಆರೋಗ್ಯ ಇಲಾಖೆಗೆ ತಿಳಿಸಲೇಬೇಕು. ಹದಿನಾಲ್ಕು ದಿನದೊಳಗೆ, ಒಂದು ದಿನದ ಅಂತರದಲ್ಲಿ, ಎರಡು ಸಲ ಮಲದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಂಥ ಪ್ರಯೋಗಾಲಯ ಬೆಂಗಳೂರಿನಲ್ಲೇ ಇದೆ. ಖಾಸಗಿ ಆಸ್ಪತ್ರೆಗಳಿಂದ ಈ ಸುದ್ದಿ ತಡವಾಗಿ ಬರುವುದುಂಟು. ನಮ್ಮ ಡಾಕ್ಟರುಗಳು ಹೆಚ್ಚಿನವರು ಖಾಸಗಿಯವರೇ.

ಈ ವಾರದೊಳಗೆ ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು ಕಂಡು ಬಾ. ಲಸಿಕೆಯ ದಿನ ಮಾತ್ರ ಹೋಗಬೇಡ, ಅವರಿಗೆ ಪುರುಸೊತ್ತಿರುವುದಿಲ್ಲ. ಶಾಲು, ಹಾರ ಏನೂ ಒಯ್ಯಬೇಡ, ಒಂದು ನೋಟ್‌ಬುಕ್ ಸಾಕು. ಯಾವ ಬೂತಿಗೆ ಯಾರು, ಯಾವ ಹಾಡಿಗೆ ಯಾವ ಗಾಡಿ ಎಂದು ಬರೆದ ಮೈಕ್ರೊಪ್ಲಾನ್ ಅವರ ಮೇಜಿನ ಮೇಲಿರುತ್ತದೆ. ಅದರಲ್ಲಿ ಗಾಡಿಯ ಜಾಗ ಖಾಲಿ ಬಿಟ್ಟಿರುವ ಊರುಗಳನ್ನು ಬರೆದುಕೊಂಡು ಬಂದು ನನಗೆ ಫೋನ್ ಮಾಡು. ಯಾರ ಕಾರು ಯಾವ ಕಡೆಗೆ ಎಂದು ಇಬ್ಬರೂ ಕೂತು ಹಂಚೋಣ. ಇಟ್ಟಿಗೆ ಗೂಡಿನ ಕಡೆಗೆ ನಾನೇ ಬರುತ್ತೇನೆ, ಡ್ರೈವರ್ ಬೇಡ.